ಸೊಪ್ಪು ಕಟ್ಟುವ ಕೈಗೆ ನಾಡಿಶುದ್ಧಿ

ಇದು ಆಗುವ ಕೆಲಸವಲ್ಲ ಎಂದು ಮೊದಲು ಹೇಳಿದವರು ನಮ್ಮ ತರಬೇತಿ ಸಂಸ್ಥೆಯ ಸಂಯೋಜಕರು. ಹುಣಸೂರಿನ ಕಚೇರಿಯಲ್ಲಿ ನನ್ನನ್ನು ನಿಲ್ಲಿಸಿಕೊಂಡೇ, ಮೊಬೈಲಿನಿಂದ ಕಣ್ಣು ಕೀಳದೆ ಹೇಳಿದರು. “ಹೊಗೆಸೊಪ್ಪು ಕಟ್ಟೋ ಹೆಂಗಸರು ಯೋಗ ಶಿಕ್ಷಕಿ ಆಗಲ್ಲಮ್ಮ. ಸೊಪ್ಪು ಮುರಿಯೋ ಕಾಲ ಬಂತು ಅಂದ್ರೆ ಚಾಪೆ ಸುತ್ತಿಟ್ಟು ಹೊರಟುಬಿಡ್ತಾರೆ. ಯಾರಾದ್ರೂ ಕಾಲೇಜು ಹುಡುಗೀರನ್ನ ಹಿಡಿ. ನಿಂಗೂ ಸುಲಭ, ನಂಗೂ ಸುಲಭ.”

ನಮ್ಮ ವಂಶದಲ್ಲಿ ಪದವಿ ಮುಗಿಸಿದವಳು ನಾನೊಬ್ಬಳೇ. ಅಂತರಸಂತೆಯ ಆಚೆ, ಕಾಡಂಚಿನ ಹಳ್ಳಿಯಿಂದ ಬಸ್ಸಿಗೆ ಜೋತುಬಿದ್ದು ಓದಿದವಳು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. “ಆಗಲ್ಲ” ಎಂಬ ಮಾತನ್ನು ಎಷ್ಟು ಜನರ ಬಾಯಿಂದ ಕೇಳಿದ್ದೇನೆಂದರೆ, ಹೇಳುವವರ ಮುಖ ನೋಡಿದರೇ ಗೊತ್ತಾಗಿಬಿಡುತ್ತದೆ: ಇವರಿಗೆ ವಿಷಯ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಮನಸ್ಸೂ ಇಲ್ಲ. ಸಂಯೋಜಕರ ಮುಖವೂ ಹಾಗೇ ಇತ್ತು.

ಕೆಲಸ ಇಷ್ಟು. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ರಾವಂದೂರಿನಿಂದ ಒಳಕ್ಕೆ ಹೋಗುವ ಒಂದು ಹಳ್ಳಿಯಲ್ಲಿ, ಬೆಳಗಿನ ಹೊತ್ತು ಯೋಗ ಹೇಳಿಕೊಡಲು ಒಬ್ಬರು ಬೇಕಾಗಿದ್ದರು. ಅದೇ ಊರಿನವರೇ ಆಗಬೇಕು, ನಮ್ಮ ಸಂಸ್ಥೆಯ ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಪಡೆದಿರಬೇಕು. ತಿಂಗಳಿಗಿಷ್ಟು ಎಂದು ಗೌರವಧನ. ಬೇಸಿಗೆಯಿಂದ ಮಳೆಗಾಲದ ಕೊನೆಯವರೆಗೆ ತರಬೇತಿ ಕೊಟ್ಟು, ಆ ಊರಿನಿಂದ ಪರೀಕ್ಷೆಗೆ ಜನ ಕಳಿಸುವುದು ನನ್ನ ಜವಾಬ್ದಾರಿ.

ಊರಿನ ಸಮುದಾಯ ಭವನದಲ್ಲಿ ಸಂಜೆ ತರಗತಿ ಶುರುಮಾಡಿದೆ. ಸಂಯೋಜಕರು ಹೇಳಿದ ಕಾಲೇಜು ಹುಡುಗಿಯರು ಆ ಊರಿನಲ್ಲಿ ಇರಲಿಲ್ಲ. ಇದ್ದವರು ಮದುವೆಯಾಗಿ ಹೋಗಿದ್ದರು, ಇಲ್ಲವೇ ಮೈಸೂರಿನ ಹಾಸ್ಟೆಲಿನಲ್ಲಿದ್ದರು. ಬಂದವರೆಲ್ಲ ಹೊಗೆಸೊಪ್ಪು ಬೆಳೆಯುವ ಮನೆಗಳ ಹೆಂಗಸರೇ. ಅವರಲ್ಲಿ ಒಬ್ಬಳು ಮೊದಲ ದಿನದಿಂದಲೇ ಕಣ್ಣಿಗೆ ಬಿದ್ದಳು. ಅವಳನ್ನು ಇಲ್ಲಿ ಸೊಸೆ ಎಂದೇ ಕರೆಯುತ್ತೇನೆ, ಆ ಮನೆಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿ ಮದುವೆಯಾದವಳು. ಒಂದು ಆಸನ ತೋರಿಸಿದರೆ ಮರುದಿನ ಅದನ್ನು ಪಕ್ಕದವಳಿಗೆ ಹೇಳಿಕೊಡುತ್ತಿದ್ದಳು. ಹಾಗೆ ಹೇಳಿಕೊಡುವುದು ಎಲ್ಲರಿಗೂ ಬರುವುದಿಲ್ಲ. ಆಸನ ಚೆನ್ನಾಗಿ ಮಾಡುವವರು ಬೇಕಾದಷ್ಟು ಸಿಗುತ್ತಾರೆ. ಇನ್ನೊಬ್ಬಳ ಮಂಡಿ ಎಲ್ಲಿ ನೋಯುತ್ತಿದೆ ಎಂದು ನೋಡಿದ ಕೂಡಲೇ ಹೇಳುವವರು ಅಪರೂಪ.

“ನಂಗೆ ಆ ಬೆಳಗಿನ್ ಕೆಲ್ಸ ಬೇಕು ಅಕ್ಕ,” ಎಂದಳು ಒಂದು ಸಂಜೆ. “ಬ್ಯಾರನ್ ಅವರ್ದು, ಹೊಲ ಅವರ್ದು. ಇದೊಂದು ನಂದಾಗ್ಲಿ.”

ಬ್ಯಾರನ್ ಎಂದರೆ ಸೊಪ್ಪು ಹದ ಮಾಡುವ ಎತ್ತರದ ಗೂಡು. ಕಡ್ಡಿಗೆ ಕಟ್ಟಿದ ಹಸಿ ಸೊಪ್ಪನ್ನು ಅದರೊಳಗೆ ಸಾಲುಸಾಲಾಗಿ ಏರಿಸಿ, ಕೆಳಗೆ ಸೌದೆ ಉರಿಸುತ್ತಾರೆ. ಸೊಪ್ಪು ಮುರಿಯುವುದು ಬೆಳಗಿನ ಕೆಲಸ. ಅವಳು ಕಲಿಸಬೇಕಾದ ತರಗತಿಯ ಹೊತ್ತೂ ಬೆಳಗೇ. ಅವಳಿಗೆ ಈ ಕೆಲಸ ಸಿಕ್ಕರೆ ಮನೆಯ ಹೊಲಕ್ಕೆ ಒಂದು ಆಳು ಕಡಿಮೆ. ಅವಳ ಅತ್ತೆಗೆ ಇದು ಚೆನ್ನಾಗಿ ಗೊತ್ತಿತ್ತು. ನಾನು ಮನೆಗೆ ಹೋದಾಗಲೆಲ್ಲ ಮಣೆ ಕೊಡುತ್ತಿದ್ದರು, ಕಾಫಿ ಕೊಡುತ್ತಿದ್ದರು, ಮಾತು ಮಾತ್ರ ಕೊಡುತ್ತಿರಲಿಲ್ಲ.

ಜೂನ್‌ನಲ್ಲಿ ಯೋಗ ದಿನ ಬಂತು. ಸಸಿ ನಾಟಿಯ ಕಾಲ, ಹೆಂಗಸರ ಸೊಂಟ ಬಿದ್ದುಹೋಗಿರುತ್ತದೆ. ಸಂಯೋಜಕರು ಕಾರಿನಲ್ಲಿ ಬಿಳಿ ಟೀ ಶರ್ಟ್‌ಗಳ ಗಂಟು ತಂದರು. ಹೆಂಗಸರು ಸೀರೆಯ ಮೇಲೆಯೇ ಅದನ್ನು ಏರಿಸಿಕೊಂಡು ಕೈ ಮೇಲೆತ್ತಿ ನಿಂತರು. ಫೋಟೊ ಆಯಿತು. ಆಮೇಲೆ ಸಂಯೋಜಕರು ಟೀ ಶರ್ಟ್‌ಗಳನ್ನು ಬಿಚ್ಚಿಸಿಕೊಂಡು, ಎಣಿಸಿ, ಗಂಟು ಕಟ್ಟಿಕೊಂಡು ಕೆ.ಆರ್. ನಗರದ ಕಡೆ ಹೊರಟರು. ಅಲ್ಲಿ ಇನ್ನೊಂದು ಫೋಟೊ ಇತ್ತು. “ಎಲ್ಲಾ ಬೆವ್ರಾಗೋಗದೆ ಮೇಡಂ, ಅಲ್ಲಿಯೋರು ಒಗ್ದು ಆಕ್ಕತಾರಾ?” ಎಂದು ಒಬ್ಬಳು ಕೇಳಿದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಇವತ್ತಿಗೂ ಬರುವುದಿಲ್ಲ.

ಅಷ್ಟು ಹೊತ್ತಿಗೆ ನಾಡಿಶುದ್ಧಿ ಪ್ರಾಣಾಯಾಮ ಕಲಿಸಿಯಾಗಿತ್ತು. ಬಲಗೈಯ ತೋರುಬೆರಳು, ನಡುಬೆರಳು ಮಡಚಿ ಮುದ್ರೆ ಹಿಡಿದು, ಹೆಬ್ಬೆರಳಿನಿಂದ ಬಲ ಹೊಳ್ಳೆ ಮುಚ್ಚಿ ಎಡದಿಂದ ಉಸಿರು ತೆಗೆದುಕೊಳ್ಳುವುದು. ಆಮೇಲೆ ಉಂಗುರ ಬೆರಳಿನಿಂದ ಎಡ ಮುಚ್ಚಿ ಬಲದಿಂದ ಬಿಡುವುದು. ಪರೀಕ್ಷೆಯಲ್ಲಿ ಇದು ಕಡ್ಡಾಯ. ಸೊಸೆ ಇದನ್ನು ಅಲುಗಾಡದೆ ಮಾಡುತ್ತಿದ್ದಳು. ಇಷ್ಟು ಸಲೀಸಾಗಿ ಉಸಿರು ಬಿಡುವವರನ್ನು ನಾನು ಮೈಸೂರಿನ ತರಗತಿಗಳಲ್ಲೂ ಹೆಚ್ಚು ಕಂಡಿರಲಿಲ್ಲ.

ಸೊಪ್ಪು ಮುರಿಯುವುದು ಶುರುವಾದ ವಾರವೇ ಎಲ್ಲ ತಲೆಕೆಳಗಾಯಿತು.

ಒಬ್ಬಳು ನಾಡಿಶುದ್ಧಿಯ ನಡುವೆ ಎದ್ದು ಹೊರಗೆ ಓಡಿದಳು, ವಾಂತಿ. ಮರುದಿನ ಇನ್ನಿಬ್ಬರಿಗೆ ತಲೆಸುತ್ತು. ಸೊಸೆ ಹಲ್ಲುಕಚ್ಚಿ ಕೂತಿದ್ದಳು, ಮುಖ ಬಿಳುಚಿಕೊಂಡು ಬೆವರುತ್ತಿತ್ತು. ಮೂರನೆಯ ಸಂಜೆ ಅವಳೂ ಚಾಪೆಯ ಮೇಲೆಯೇ ವಾಂತಿ ಮಾಡಿಕೊಂಡಳು. ನಾನು ಗಾಬರಿಯಾದೆ. ಊಟಕ್ಕೂ ತರಗತಿಗೂ ಅಂತರ ಸಾಲದೇನೋ ಎಂದು ಹೊತ್ತು ಮುಂದಕ್ಕೆ ಹಾಕಿದೆ. ಕಪಾಲಭಾತಿ ಕೈಬಿಟ್ಟೆ. ಉಸಿರಿನ ಎಣಿಕೆ ಇಳಿಸಿದೆ. ಶುರುವಿಗೆ ಮುಂಚೆ ಬೆಲ್ಲದ ನೀರು ಕುಡಿಸಿದೆ. ಏನು ಮಾಡಿದರೂ ಅಷ್ಟೇ. ಆಸನ ಮುಗಿಯುವವರೆಗೆ ಹೇಗೋ ತಡೆದುಕೊಳ್ಳುತ್ತಾರೆ, ಮೂಗಿಗೆ ಕೈ ಹೋದ ಮೇಲೆ ಹೊಟ್ಟೆ ತೊಳಸುತ್ತದೆ.

ನನಗೆ ಕಲಿಸಿದ ಹಿರಿಯ ಗುರುಗಳಿಗೆ ಫೋನ್ ಮಾಡಿದೆ. ನಮ್ಮ ಸಂಸ್ಥೆಯ ಪರೀಕ್ಷಕರೂ ಅವರೇ. ಪೂರ್ತಿ ಕೇಳುವ ಮೊದಲೇ ಸಂತೋಷಪಟ್ಟರು. “ದೇಹದಲ್ಲಿರೋ ವಿಷ ಹೊರಗೆ ಹೋಗ್ತಿದೆ ತಾಯಿ. ಶುದ್ಧಿ ಅಂದ್ರೆ ಅದೇ. ನಿಲ್ಲಿಸಬೇಡ, ಇನ್ನೂ ಹೆಚ್ಚು ಮಾಡಿಸು.”

ಅವರ ಮಾತಿನ ಮೇಲೆ ನಂಬಿಕೆಯಿಂದ ಎರಡು ಸಂಜೆ ಹೆಚ್ಚು ಮಾಡಿಸಿದೆ. ಎರಡನೆಯ ಸಂಜೆ ಸೊಸೆ ಕೂತಲ್ಲಿಂದ ಪಕ್ಕಕ್ಕೆ ವಾಲಿ ಬಿದ್ದಳು. ಅವಳ ಅತ್ತೆಗೆ ಯಾರೋ ಹೇಳಿ ಕಳಿಸಿದರು. ಅವರು ಬಂದವರೇ ಸೊಸೆಯ ತಲೆಯನ್ನು ತಮ್ಮ ತೊಡೆಯ ಮೇಲೆ ಎತ್ತಿಕೊಂಡು, ನನ್ನ ಕಡೆ ತಿರುಗಿದರು.

“ಮೇಡಮ್ಮಾರೆ, ಮೂಗ್ ಮುಚ್ಸಿ ಮುಚ್ಸಿ ನಮ್ ಮನೆ ಎಣ್ಣೆಂಗ್ಸ್‌ನ ಸಾಯ್ಸ್‌ಬ್ಯಾಡಿ. ನಿಮ್ ಯೋಗ ನಿಮ್ಗೇ ಇರ್ಲಿ. ನಾಳಿಂದ ಇವ್ಳು ಬರಕ್ಕಿಲ್ಲ.”

ಮರುದಿನ ಯಾರೂ ಬರಲಿಲ್ಲ. ಖಾಲಿ ಭವನದಲ್ಲಿ ಚಾಪೆಗಳ ನಡುವೆ ನಾನೊಬ್ಬಳೇ ಕೂತಿದ್ದೆ. ಸಂಯೋಜಕರಿಗೆ ವಿಷಯ ಆಗಲೇ ತಲುಪಿತ್ತು. ನಾನು ಹೇಳಿರಲಿಲ್ವಾ ಎಂದು ಮೆಸೇಜು ಕಳಿಸಿದ್ದರು, ಜೊತೆಗೆ ನಗುವ ಮುಖದ ಚಿತ್ರ. ಫೋನನ್ನು ಗೋಡೆಗೆ ಎಸೆಯುವಷ್ಟು ಸಿಟ್ಟು ಬಂತು. ಎಸೆದರೆ ಇನ್ನೊಂದು ಕೊಳ್ಳಬೇಕಲ್ಲ ಎಂದು ಸುಮ್ಮನಾದೆ.

ಯೋಗದಲ್ಲಿ ನನಗೆ ನಂಬಿಕೆಯಿರುವ ನಿಯಮ ಒಂದೇ. ನನ್ನ ಮೈಯಲ್ಲಿ ಮಾಡಿ ನೋಡದೆ ಇನ್ನೊಬ್ಬರ ಮೈಗೆ ಹೇಳಬಾರದು. ಇವರು ಬೆಳಗಿನಿಂದ ಮಾಡುವುದನ್ನು ನಾನು ಮಾಡಿರಲಿಲ್ಲ. ನಮ್ಮ ಕಡೆ ಹತ್ತಿ, ರಾಗಿ, ಜೋಳ. ಹೊಗೆಸೊಪ್ಪಿನ ಗಿಡವನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೆನೇ ಹೊರತು ಮುಟ್ಟಿರಲಿಲ್ಲ. ಮಾರನೆಯ ಬೆಳಿಗ್ಗೆ ಹೋಗಿ, ಸೊಸೆಯ ಮನೆಯ ಹೊಲದ ಬದುವಿನ ಮೇಲೆ ನಿಂತು, ನಾನೂ ಸೊಪ್ಪು ಮುರಿಯುತ್ತೇನೆ ಎಂದೆ. ಅತ್ತೆ ಮೇಲಿಂದ ಕೆಳಗೆ ನೋಡಿ, “ಮುರಿ ಬುಡು, ಬ್ಯಾಡ ಅಂದೋರ್ ಯಾರು,” ಎಂದರು.

ಇಬ್ಬನಿ ಇನ್ನೂ ಆರಿರಲಿಲ್ಲ. ಸಾಲಿನೊಳಗೆ ಇಳಿದರೆ ಎಲೆ ಎದೆಯವರೆಗೆ ಬರುತ್ತದೆ. ಬುಡದ ಎಲೆಗಳನ್ನು ಮುರಿದು ಎಡಗಂಕುಳಲ್ಲಿ ಒತ್ತಿಕೊಳ್ಳುತ್ತಾ ಹೋಗಬೇಕು. ಸ್ವಲ್ಪ ಹೊತ್ತಿಗೆ ರವಿಕೆ, ಸೀರೆ ಎಲ್ಲ ತೊಪ್ಪೆ. ಎಲೆಯ ಅಂಟು ಬೆರಳಿಗೆ ಹತ್ತಿ ಮೊದಲು ಹಳದಿ, ಆಮೇಲೆ ಕಂದು, ಆಮೇಲೆ ಕಪ್ಪು. ಹೊಲದಿಂದ ಬಂದು ಕೊಟ್ಟಿಗೆಯ ನೆರಳಲ್ಲಿ ಕೂತು ಅದೇ ಸೊಪ್ಪನ್ನು ಕಡ್ಡಿಗೆ ಕಟ್ಟಿದೆವು. ಮಧ್ಯಾಹ್ನದ ಹೊತ್ತಿಗೆ ನನ್ನ ತಲೆ ಭಾರವಾಗಿತ್ತು. ಕೈಯನ್ನು ಸೋಪಿನಲ್ಲಿ ತಿಕ್ಕಿದೆ, ಹುಣಸೆಹಣ್ಣು ಹಾಕಿ ತಿಕ್ಕಿದೆ, ಅಂಟು ಬಿಟ್ಟರೂ ಕಪ್ಪು ಬಿಡಲಿಲ್ಲ, ವಾಸನೆಯೂ ಬಿಡಲಿಲ್ಲ. ಆ ಕೈಯಲ್ಲೇ, ಆ ಒದ್ದೆ ಆರಿದ ಬಟ್ಟೆಯಲ್ಲೇ, ಕೊಟ್ಟಿಗೆಯ ಮೂಲೆಯಲ್ಲಿ ಕೂತು ನಾಡಿಶುದ್ಧಿ ಶುರುಮಾಡಿದೆ. ಪ್ರತಿ ಸಲ ಉಸಿರು ಎಳೆದಾಗಲೂ ಆ ಕಟು ವಾಸನೆ ನೆತ್ತಿಗೆ ಹೋಗಿ ಹೊಡೆಯಿತು. ಸ್ವಲ್ಪ ಹೊತ್ತಿಗೆ ಎದ್ದು ಹೊರಗೆ ಓಡಿ ತಿಪ್ಪೆಯ ಪಕ್ಕ ಬಗ್ಗಿದೆ. ಬೆಳಿಗ್ಗೆ ತಿಂದ ರೊಟ್ಟಿ, ಕುಡಿದ ನೀರು, ಎಲ್ಲ ಹೊರಗೆ ಬಂತು.

ಹಿಂದಿನಿಂದ ಯಾರೋ ನನ್ನ ಹಣೆ ಹಿಡಿದುಕೊಂಡರು. ಅತ್ತೆ.

“ಸೊಪ್ಪಿನ್ ಅಮಲು ಕಣವ್ವ. ಎಲ್ರಿಗೂ ಬತ್ತದೆ. ಅಸಿ ಸೊಪ್ಪು ಮುರ್ದ್ ದಿನ ಅನ್ನ ಸೇರಕ್ಕಿಲ್ಲ, ತಲೆ ನಿಲ್ಲಕ್ಕಿಲ್ಲ. ನಾನು ಬಸ್ರಿಲೂ ಮುರ್ದಿವ್ನಿ, ಬಾಣ್ತಿಲೂ ಮುರ್ದಿವ್ನಿ. ಯಾರ್ಗ್ ಏಳದು?”

ಬಾಯಿ ತೊಳೆದುಕೊಂಡು, ಮತ್ತೆ ಇದೆಲ್ಲ ಯೋಗದಿಂದ ಅಂತ ನನ್ನ ಮೇಲೆ ಕೂಗಾಡಿದಿರಲ್ಲ ಎಂದು ಕೇಳಿದೆ. ಅವರು, ಅಮಲು ಬಂದವರನ್ನು ಮಲಗಲು ಬಿಡಬೇಕು, ನೀವು ಕೂರಿಸಿ ಮೂಗು ಹಿಡಿಸಿದಿರಿ ಎಂದರು.

ರಾವಂದೂರಿನಲ್ಲಿ ಪರಿಚಯದ ಡಾಕ್ಟರಮ್ಮ ಒಬ್ಬರಿದ್ದರು. ಅವರನ್ನು ಕೇಳಿದೆ. ಒದ್ದೆ ಎಲೆಯ ರಸ ಚರ್ಮದಿಂದಲೇ ಮೈಯೊಳಗೆ ಇಳಿಯುತ್ತದೆ, ಮುಖ್ಯ ಕಾರಣ ಅದು, ಆ ಅಂಟಿನ ಕೈಯನ್ನು ಮೂಗಿಗೆ ಹಿಡಿದರೆ ಇನ್ನಷ್ಟು ತೊಳಸುವುದರಲ್ಲಿ ಆಶ್ಚರ್ಯವಿಲ್ಲ ಎಂದರು. ಮೈಗೆ ಒದ್ದೆ ತಾಗದಂತೆ ನೋಡಿಕೊಳ್ಳಿ, ಬಂದ ಕೂಡಲೇ ಸ್ನಾನ, ಬಟ್ಟೆ ಬದಲು, ನೀರು, ವಿಶ್ರಾಂತಿ. ಸಾಧ್ಯವಾದರೆ ಇಬ್ಬನಿ ಆರಿದ ಮೇಲೆ ಮುರಿಯಲಿ.

ವಿಷ ಹೊರಗೆ ಹೋಗುತ್ತಿದೆ ಎಂದಿದ್ದರು ಗುರುಗಳು. ವಿಷ ಒಳಗೆ ಹೋಗುತ್ತಿತ್ತು. ಪಿರಿಯಾಪಟ್ಟಣದ ಬಸ್ಸಿನಲ್ಲಿ ಕೂತು ಇದನ್ನೇ ಯೋಚಿಸುತ್ತಿದ್ದೆ. ಗುರುಗಳ ಮನೆ ಮೈಸೂರಿನಲ್ಲಿದೆ, ನಾನು ಹುಟ್ಟುವ ಮೊದಲಿನಿಂದ ಹುಣಸೂರಿನ ದಾರಿಯಲ್ಲಿ ಓಡಾಡುತ್ತಿದ್ದಾರೆ. ಬಿಳಿಕೆರೆ ದಾಟಿ ಹುಣಸೂರಿನ ಕಡೆ ಬರುವಾಗ ರಸ್ತೆಯ ಎರಡೂ ಬದಿಗೆ ಈ ಹೊಲ, ಈ ಬ್ಯಾರನ್. ಒಂದು ದಿನವಾದರೂ ಕಾರು ನಿಲ್ಲಿಸಿ, ಅಮ್ಮ, ಕೈ ಯಾಕೆ ಕಪ್ಪಾಗಿದೆ ಎಂದು ಒಬ್ಬಳನ್ನು ಕೇಳಿದ್ದರೆ ಸಾಕಿತ್ತು.

ಆ ಬಸ್ಸಿನಲ್ಲೇ ತೀರ್ಮಾನ ಮಾಡಿದೆ. ಇನ್ನು ಮುಂದೆ ನನ್ನ ತರಗತಿಯಲ್ಲಿ ಯಾರ ಕೈಯೂ ಮೂಗಿಗೆ ಹೋಗುವುದಿಲ್ಲ. ಪರೀಕ್ಷೆಯಲ್ಲಿ ಕಡ್ಡಾಯವಾಗಿದ್ದರೂ ಸರಿ, ಸೊಸೆಯನ್ನು ಕೈಯಿಲ್ಲದ ನಾಡಿಶುದ್ಧಿಯೊಂದಿಗೇ ಕಳಿಸುತ್ತೇನೆ.

ದಾರಿ ಇತ್ತು, ಹೊಸದೇನಲ್ಲ. ಎಡಗಂಕುಳನ್ನು ಹದವಾಗಿ ಒತ್ತಿ ಹಿಡಿದರೆ ಕೆಲ ಹೊತ್ತಿಗೆ ಬಲ ಹೊಳ್ಳೆ ಬಿಡಿಸಿಕೊಳ್ಳುತ್ತದೆ, ಬಲಗಂಕುಳಾದರೆ ಎಡ ಹೊಳ್ಳೆ. ಹಿಂದಿನ ಕಾಲದಲ್ಲಿ ಮಠದ ಸ್ವಾಮಿಗಳು ಕಂಕುಳಿಗೆ ಯೋಗದಂಡವೆಂಬ ಕವಲುಕೋಲು ಕೊಟ್ಟುಕೊಂಡು ಕೂರುತ್ತಿದ್ದದ್ದೂ ಇದಕ್ಕೇ. ವಜ್ರಾಸನದಲ್ಲಿ ಕೂತು, ಎರಡೂ ಕೈ ಅಡ್ಡ ಕಟ್ಟಿ, ಹೆಬ್ಬೆರಳು ಹೊರಗೆ ಬಿಟ್ಟು ಉಳಿದ ಬೆರಳುಗಳನ್ನು ಕಂಕುಳಲ್ಲಿ ಇಟ್ಟುಕೊಳ್ಳುವುದು. ಗಮನವನ್ನು ಮಾತ್ರ ಒಂದು ಹೊಳ್ಳೆಯಿಂದ ಇನ್ನೊಂದಕ್ಕೆ ಹಾಯಿಸುವುದು. ಬೆರಳಿನಿಂದ ಮುಚ್ಚಿದಷ್ಟು ಬೇಗ ಆಗುವುದಿಲ್ಲ. ತಾಳ್ಮೆ ಬೇಕು.

ಸಂಯೋಜಕರಿಗೆ ಫೋನಿನಲ್ಲಿ ಹೇಳಿದೆ. ಸಿಲಬಸ್ ತಿದ್ದೋಕೆ ನೀನ್ಯಾರು ಎಂದರು. ಸೊಪ್ಪಿನ ವಿಷಯ ಎಲ್ಲೂ ಎತ್ತಬೇಡ, ಆ ಭಾಗದ ದೊಡ್ಡವರಿಗೆಲ್ಲ ಬ್ಯಾರನ್ ಇದೆ, ನಾಳೆ ಸಂಸ್ಥೆಗೆ ಭವನ ಸಿಗಲ್ಲ ಎಂದರು. ಎತ್ತುತ್ತೇನೆ ಎಂದೆ. ಫೇಲಾದರೆ ಹೊಣೆ ನಿನ್ನದು ಎಂದರು. ನನ್ನದೇ ಎಂದೆ. ಆ ಫೋನಿನಲ್ಲಿ ನಾನು ಕೂಗಾಡಿದ್ದಕ್ಕೆ ಆಮೇಲೆ ಕ್ಷಮೆ ಕೇಳಬೇಕೆಂದು ಹೇಳಿ ಕಳಿಸಿದರು. ಕೇಳಲಿಲ್ಲ.

ಸೊಸೆಯನ್ನು ವಾಪಸ್ ಕರೆತರಲು ಅತ್ತೆಯ ಮುಂದೆ ಕೂತೆ. ತರಗತಿಗೆ ಮುಂಚೆ ಸ್ನಾನ ಆಗಿರಬೇಕು, ಬಟ್ಟೆ ಬದಲಾಗಿರಬೇಕು, ಅಮಲು ಇದ್ದ ದಿನ ಬರಕೂಡದು, ಬಂದರೆ ನಾನೇ ವಾಪಸ್ ಕಳಿಸುತ್ತೇನೆ ಎಂದೆ. ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕನ್ನು ಚೆನ್ನಾಗಿ ತೊಳೆದು, ಕತ್ತರಿಸಿ, ಎದೆಗೆ ತೋಳಿಗೆ ಕಟ್ಟಿಕೊಳ್ಳುವುದನ್ನು ಹೊಲದಲ್ಲೇ ತೋರಿಸಿದೆ. ಸೊಸೆಯ ಗಂಡ ನಕ್ಕ. ನಾಟಕಕ್ಕೆ ಹೊರಟಂಗವ್ಳೆ ಎಂದ. ಮರುದಿನ ನೋಡಿದರೆ ಅತ್ತೆಯೂ ಒಂದು ಕಟ್ಟಿಕೊಂಡಿದ್ದರು.

ಪ್ಲಾಸ್ಟಿಕ್ಕಿನಿಂದ ಪೂರ್ತಿ ಗುಣವೇನೂ ಆಗಲಿಲ್ಲ. ಬಿಸಿಲೇರಿದರೆ ಒಳಗೆ ಬೆಂದುಹೋಗುತ್ತದೆ, ಬಿಚ್ಚಿ ಎಸೆಯುತ್ತಾರೆ. ಜಡಿಮಳೆಯ ದಿನ ಯಾವುದೂ ತಡೆಯುವುದಿಲ್ಲ. ವಾರದಲ್ಲಿ ಎಷ್ಟೋ ಸಂಜೆ ಸೊಸೆ ಬರುತ್ತಿರಲಿಲ್ಲ, ಮಲಗಿರುತ್ತಿದ್ದಳು. ಬಂದ ದಿನ ಮಾತ್ರ ಬಿಡದೆ ಕೂರುತ್ತಿದ್ದಳು. ಮೊದಮೊದಲು ಹೊಳ್ಳೆ ಬಿಡಿಸಿಕೊಂಡದ್ದೇ ಗೊತ್ತಾಗುತ್ತಿರಲಿಲ್ಲ. ಆಮೇಲೆ ಒಂದು ಸಂಜೆ ಕಣ್ಣು ಮುಚ್ಚಿಕೊಂಡೇ, “ಬಂತು ಅಕ್ಕ, ಬಲಕ್ ಬಂತು,” ಎಂದಳು, ಕೊಳಾಯಿಯಲ್ಲಿ ನೀರು ಬಂದವರ ಹಾಗೆ.

ಪರೀಕ್ಷೆ ಹುಣಸೂರಿನ ಒಂದು ಸಭಾಂಗಣದಲ್ಲಿ. ಬೇರೆ ಊರುಗಳಿಂದ ಬಂದವರೆಲ್ಲ ಓದಿದ ಹುಡುಗಿಯರು, ಒಂದೇ ಬಣ್ಣದ ಉಡುಪು. ಸೊಸೆ ಹಳೆಯ ಚೂಡಿದಾರದಲ್ಲಿ ಬಂದಿದ್ದಳು. ಹಿಂದಿನ ದಿನ ಸೊಪ್ಪು ಕಟ್ಟಿದ ಕೈ. ಆಸನಗಳಲ್ಲಿ ತಪ್ಪು ಹುಡುಕಲು ಗುರುಗಳಿಗೆ ಆಗಲಿಲ್ಲ. ಇನ್ನೊಬ್ಬ ಹುಡುಗಿಗೆ ತ್ರಿಕೋನಾಸನ ಹೇಳಿಕೊಡು ಎಂದಾಗ ಅವಳ ಸೊಂಟ ಹಿಡಿದು ತಿದ್ದಿದ ರೀತಿಗೆ ಪಕ್ಕದಲ್ಲಿದ್ದ ಇನ್ನೊಬ್ಬ ಪರೀಕ್ಷಕಿ ತಲೆಯಾಡಿಸಿದರು. ಆಮೇಲೆ ನಾಡಿಶುದ್ಧಿ. ಅವಳು ಕೈ ಕಟ್ಟಿ ಕೂತಳು.

“ಮುದ್ರೆ ಎಲ್ಲಮ್ಮ? ಕೈ ಎತ್ತು,” ಎಂದರು ಗುರುಗಳು. ಅವಳು ಕೈ ತೆಗೆದು ತೋರಿಸಿದಳು. ಬೆರಳ ತುದಿಗಳು, ಉಗುರಿನ ಸಂದಿಗಳು ಕಪ್ಪಗಿದ್ದವು. ಹಿಂದೆ ಯಾರೋ ಕಿಸಕ್ಕೆಂದರು. “ಮೊದಲು ಹೋಗಿ ಕೈ ತೊಳ್ಕೊಂಡು ಬಾ. ಶೌಚ ಅಂದ್ರೆ ಶುಚಿ, ಅದಿಲ್ಲದೆ ಯೋಗ ಇಲ್ಲ.”

ಅವಳು ಹೋದಳು, ತಿಕ್ಕಿ ತೊಳೆದು ಬಂದಳು. ಬೆರಳು ಹಾಗೇ ಇದ್ದವು.

“ಇದು ಕೊಳೆ ಅಲ್ಲ ಸಾರ್,” ಎಂದಳು ತಲೆ ತಗ್ಗಿಸದೆ. “ಸೊಪ್ಪಿಂದು. ಓಗಕ್ಕಿಲ್ಲ.”

ನಾನು ಗೋಡೆಯ ಬಳಿ ನಿಂತಿದ್ದೆ. ತರಬೇತಿ ಕೊಟ್ಟವರು ಬಾಯಿ ತೆರೆಯಬಾರದು ಎಂಬುದು ನಿಯಮ. ತೆರೆದೆ. ಮುಂದೆ ಹೋಗಿ, ಕೈಯಿಲ್ಲದೆ ಕಲಿಸಿದವಳು ನಾನು, ಕಾರಣ ಇದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಫೋನಿನಲ್ಲಿ ಅವರು ಶುದ್ಧಿ ಎಂದಿದ್ದನ್ನೂ ಹೇಳಿದೆ. ಗುರುಗಳ ಮುಖ ಕೆಂಪಾಯಿತು. ಮುದ್ರೆ ಇಲ್ಲದಿದ್ದರೆ ಅದು ನಾಡಿಶುದ್ಧಿಯೇ ಅಲ್ಲ ಎಂದರು.

“ಸರಿ ಸಾರ್,” ಎಂದೆ. “ಅವಳು ಮೂಗಿಗೆ ಕೈ ಹಿಡೀತಾಳೆ. ಅದಕ್ಕೆ ಮುಂಚೆ ಆ ಬೆರಳನ್ನ ನೀವು ನಿಮ್ಮ ಮೂಗಿಗೆ ಹಿಡ್ಕೊಂಡು ಒಂದು ಸುತ್ತು ಉಸಿರು ತಗೊಳ್ಳಿ.”

ಸೊಸೆ ಕೈ ಚಾಚಿದಳು. ಗುರುಗಳು ಆ ಕೈ ನೋಡಿದರು. ಹಿಡಿಯಲಿಲ್ಲ. ಪಕ್ಕದ ಪರೀಕ್ಷಕಿ ಮೆಲ್ಲಗೆ, ಅವಳಿಗೆ ಬರೋ ರೀತೀಲೇ ಮಾಡ್ಲಿ ಸಾರ್, ನೋಡೋಣ ಎಂದರು. ಗುರುಗಳು ಹೂಂ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ಸೊಸೆ ಮತ್ತೆ ಕೂತಳು. ಕೈ ಕಟ್ಟಿದಳು, ಕಣ್ಣು ಮುಚ್ಚಿದಳು. ಪರೀಕ್ಷಕಿ ಎದ್ದು ಬಂದು ತಮ್ಮ ಹಸ್ತದ ಹಿಂಭಾಗವನ್ನು ಅವಳ ಮೂಗಿನ ಕೆಳಗೆ ಹಿಡಿದರು. ಬಹಳ ಹೊತ್ತು ಹಿಡಿದೇ ನಿಂತರು. ಕೊನೆಗೆ ಪರೀಕ್ಷಕಿ, “ಎಡ ಇತ್ತು, ಬಲಕ್ಕೆ ಹೊರಳಿತು,” ಎಂದು ಹೇಳಿ ಕೂತರು.

ಪಾಸು. ಪ್ರಾಣಾಯಾಮಕ್ಕೆ ಎಷ್ಟು ಕೊಟ್ಟರೆ ಪಾಸಾಗುತ್ತದೋ ಅಷ್ಟೇ ಅಂಕ. ಗುರುಗಳು ಆಮೇಲೆ ನನ್ನೊಂದಿಗೆ ಮಾತಾಡಿಲ್ಲ. ನಾನೂ ಮಾತಾಡಿಸಿಲ್ಲ.

ಸಂಯೋಜಕರದು ಬೇರೆಯೇ ಕತೆ. ಪ್ರಮಾಣಪತ್ರ ಕೊಡಲು ಸಮಾರಂಭ ಇಟ್ಟರು. ಹೊಗೆಸೊಪ್ಪಿನ ಹೊಲದಿಂದ ಯೋಗ ಶಿಕ್ಷಕಿಯನ್ನು ತಯಾರು ಮಾಡಿದ ಸಂಸ್ಥೆ ಎಂದು ಬ್ಯಾನರ್ ಬರೆಸಿದರು. ಸೊಪ್ಪಿನ ವಿಷಯ ಎತ್ತಬೇಡ ಎಂದವರೇ. ಸಮಾರಂಭದ ದಿನ ಸೊಸೆಯ ಮನೆಯಲ್ಲಿ ಬ್ಯಾರನ್ ತುಂಬುವ ಕೆಲಸ. ಮುರಿದ ಸೊಪ್ಪು ಕಾಯುವುದಿಲ್ಲ, ಅವತ್ತೇ ಕಟ್ಟಿ ಏರಿಸಬೇಕು, ಅವಳು ಬರಲಾಗಲಿಲ್ಲ. ನಾನೊಬ್ಬಳೇ ಹೋದೆ. ಅವಳು ವೇದಿಕೆಗೆ ಬಂದು ಫೋಟೊ ತೆಗೆಸಿಕೊಂಡರೆ ಮಾತ್ರ ಕೊಡುವುದು, ಇಲ್ಲದಿದ್ದರೆ ಮುಂದಿನ ಕಾರ್ಯಕ್ರಮಕ್ಕೆ ನೋಡೋಣ ಎಂದರು ಸಂಯೋಜಕರು. ಮೇಜಿನ ಮೇಲೆ ಅವಳ ಹೆಸರಿದ್ದ ಪ್ರಮಾಣಪತ್ರ ಕಾಣುತ್ತಿತ್ತು. ಎತ್ತಿಕೊಂಡೆ. “ಏಯ್, ಏನಮ್ಮ ಇದು,” ಎಂದು ಅವರು ಮೈಕಿನ ಮುಂದೆಯೇ ಅಂದರು. ಬ್ಯಾಗಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ.

ನಾನು ಹೋಗುವ ಹೊತ್ತಿಗೆ ಕೊಟ್ಟಿಗೆಯಲ್ಲಿ ಕಡ್ಡಿ ಕಟ್ಟುವುದು ಮುಗಿಯುತ್ತಾ ಬಂದಿತ್ತು. ಸೊಸೆಯ ಗಂಡ ಬ್ಯಾರನ್ನಿನ ಒಳಗೆ ಮೇಲಿನ ಸಾಲಿನಲ್ಲಿ ಕಾಲು ಅಗಲಿಸಿ ನಿಂತು, ಕೆಳಗಿನಿಂದ ಕೊಟ್ಟ ಕಡ್ಡಿಗಳನ್ನು ಎಳೆದುಕೊಳ್ಳುತ್ತಿದ್ದ. ನಾನು ಪ್ರಮಾಣಪತ್ರ ಚಾಚಿದೆ. ಸೊಸೆ ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಂಡು ಅಂಚು ಹಿಡಿದು ತೆಗೆದುಕೊಂಡಳು. ಅವಳೇನೂ ಅಳಲಿಲ್ಲ. ಅತ್ತೆ ಕತ್ತು ಚಾಚಿ ನೋಡಿ, ಇದರಲ್ಲಿ ನಿನ್ನ ಹೆಸರು ಎಲ್ಲಿ ಅದೆ ಎಂದು ಕೇಳಿದರು. ಸೊಸೆ ತೋರಿಸಿ, ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಓದಿದಳು.

ಅತ್ತೆ ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟು, ಬ್ಯಾರನ್ನಿನ ಬಾಗಿಲಿಗೆ ಹೋಗಿ ಮಗನ ಕಡೆ ತಲೆಯೆತ್ತಿದರು.

“ಲೇ, ನಾಳಿಂದ ಬೆಳಗಿನ್ ಸೊಪ್ಪಿಗೆ ಇವ್ಳು ಬರಕ್ಕಿಲ್ಲ ಕಣ್ಲಾ. ಬ್ಯಾರೆ ಆಳ್ ನೋಡ್ಕೊ. ಸಿಗ್ದಿದ್ರೆ ನೀನೇ ಮುರಿ.”